ಎರಡು ಮಂಡಲದ ಪುಡಿ

೧೯ ಜನವರಿ ೨೦೦೩, ಭಾನುವಾರ

ಔಷಧಿ ಕಂಪನಿಯವನು ಕೊಟ್ಟುಹೋದ ಡೈರಿ ಇದು. ಹಾಳೆಗೊಂದು ಮಾತ್ರೆಯ ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ಅದರ ಹೆಸರು. ಕನ್ನಡ ಒಂದಕ್ಷರ ಇರಲಿಲ್ಲ, ಇನ್ನು ಮೇಲೆ ಇರುತ್ತದೆ. ಗಂಗಾಧರ ಒಲೆಗೆ ಹಾಕು ಅಂತ ಕೊಟ್ಟಿದ್ದ. ನಾನು ಎತ್ತಿಟ್ಟುಕೊಂಡೆ. “ನಿಂಗ್ಯಾಕಜ್ಜಿ ಡೈರಿ? ಯಾರ್ಯಾರ್ನ ಬೈಬೇಕು ಅಂತ ಬರ್ಕೋತೀಯಾ?” ಅಂದ. “ಮೊದಲ್ನೇ ಹೆಸ್ರು ನಿಂದೇ ಕಣೋ” ಅಂದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ. ಓದುವವಳೂ ನಾನೇ ಆದ್ದರಿಂದ ನಾಚಿಕೆಯಿಲ್ಲ.

ಗಂಗಾಧರ ನನ್ನ ಮಗಳ ಮಗ. ಮಗಳು ಇಲ್ಲ. ಅವನನ್ನು ಎದೆಯೆತ್ತರ ಬೆಳೆಸಿದ್ದು ನಾನು, ಹೈಸ್ಕೂಲು ಓದುವಾಗ ಕುಣಿಗಲಿನಲ್ಲಿ ಇಟ್ಟುಕೊಂಡು ಊಟ ಹಾಕಿದ್ದು ನನ್ನ ತಂಗಿ ಕದರಮ್ಮ. ಈಗ ಗುಬ್ಬಿಯಲ್ಲಿ ಬಾಡಿಗೆ ಮನೆ, ಮುಂದಿನ ಕೋಣೆ ಅವನ ಕ್ಲಿನಿಕ್ಕು, ಹಿಂದಿನದು ನನ್ನ ಅಡುಗೆಮನೆ. ಓದಿದ್ದು ಆಯುರ್ವೇದ, ಬೋರ್ಡಿನಲ್ಲೂ ಹಾಗೇ ಬರೆಸಿದ್ದಾನೆ. ಬೋರ್ಡು ಓದಿಕೊಂಡು ಬರುವವರು ಯಾರಿದ್ದಾರೆ? ನಮ್ಮ ಬೀದಿಯ ಓಬಳಯ್ಯನಿಗೆ ಜ್ವರ ಬಂದರೂ ಸೂಜಿ ಬೇಕು, ಹೆಂಡತಿ ಬೈದರೂ ಸೂಜಿ ಬೇಕು. ಕಷಾಯ ಕೊಟ್ಟರೆ, “ಇದನ್ನ ನಮ್ಮನೆ ಮುದ್ಕಿನೂ ಕುದುಸ್ತಾಳೆ, ನೀನ್ಯಾಕೆ ಬೇಕಾಗಿತ್ತು ಡಾಕ್ಟ್ರೇ?” ಅನ್ನುತ್ತಾನೆ. ಹಾಗಾಗಿ ನಮ್ಮಲ್ಲಿ ಸೂಜಿಯೂ ಉಂಟು, ಇಂಗ್ಲಿಷ್ ಮಾತ್ರೆಯೂ ಉಂಟು. ಆಯುರ್ವೇದ ಓದಿದವರು ಅದನ್ನು ಕೊಡುವಂತಿಲ್ಲ ಅಂತ ಕಾನೂನಿದೆಯಂತೆ. ಕಾನೂನಿಗೂ ಒಂದು ಸಲ ಜ್ವರ ಬರಬೇಕು.

ಹಬ್ಬಕ್ಕೆ ಬಂದಿದ್ದ ಕದರಮ್ಮ ಇವತ್ತು ಹೊರಟಳು. ಇಬ್ಬರಿಗೂ ಮಂಡಿ ಹೋಗಿದೆ. ಒಬ್ಬಳು ಕೂತರೆ ಎಬ್ಬಿಸಲು ಇನ್ನೊಬ್ಬಳು ಬೇಕು, ಇಬ್ಬರೂ ಕೂತುಬಿಟ್ಟರೆ ಗಂಗಾಧರ ಬೇಕು. ಕದರಮ್ಮ ಇಂಗ್ಲಿಷ್ ಮಾತ್ರೆಯವಳಲ್ಲ. ಹಿಂದೊಮ್ಮೆ ನುಂಗಿ ಹೊಟ್ಟೆ ಉರಿದು ಒದ್ದಾಡಿದ ಮೇಲೆ ಅದನ್ನು ಬಾಯಿಯ ಹತ್ತಿರ ತರುವುದಿಲ್ಲ. ಅದಕ್ಕೆ ಗಂಗಾಧರ ಬೇರಿನ ಪುಡಿ ಪೊಟ್ಟಣ ಕಟ್ಟಿಕೊಟ್ಟ, ಜೇನಿನಲ್ಲಿ ಕಲೆಸಿ ತಿನ್ನುವುದಕ್ಕೆ. ನಿನ್ನೆಯಿಂದ ನಾನೂ ಅವಳೂ ಒಟ್ಟಿಗೆ ಶುರು ಮಾಡಿದೆವು.

“ಎಷ್ಟು ದಿನ ತಿನ್ಬೇಕಕ್ಕ?” ಅಂದಳು.

“ಬೇರಿನ ಔಸ್ದಿ ಅಂದ್ಮೇಲೆ ಮಂಡಲದ ಲೆಕ್ಕ ಕಣೇ. ನಲವತ್ತೆಂಟು ದಿನಕ್ಕೆ ಒಂದು ಮಂಡಲ. ನಮ್ಮಪ್ಪನ ಕಾಲ್ದಿಂದ ಹಂಗೇ ಅಲ್ವಾ? ನಮ್ಮವು ಹಳೇ ಮಂಡಿ, ಎರಡು ಮಂಡಲ ತಿನ್ನಣ. ಮುಗಿದ ದಿನ ನಿಲ್ಲಿಸ್ಬುಡು. ಆಮೇಲೆ ಒಂದು ಚಿಟಿಕೆನೂ ಮುಟ್ಬಾರ್ದು, ಔಸ್ದಿ ಮುನಿಸ್ಕೊಳ್ತದೆ.”

ಗಂಗಾಧರ ಮುಂದಿನ ಕೋಣೆಯಲ್ಲಿ ಯಾರದೋ ಗಾಯ ತೊಳೆಯುತ್ತಿದ್ದ. ಅವನನ್ನು ಕೇಳುವುದೇನಿದೆ, ನನಗೆ ಗೊತ್ತಿರುವ ವಿಷಯ.

೨೮ ಜನವರಿ

ಇವತ್ತು ಕುಕ್ಕರಗಾಲಲ್ಲಿ ಕೂತು ರಂಗೋಲಿ ಬಿಟ್ಟು, ಯಾರ ಕೈಯನ್ನೂ ಹಿಡಿಯದೆ ಎದ್ದೆ! ಎದುರು ಮನೆಯ ಮರಿಯಮ್ಮ ಪೊರಕೆ ಹಿಡಿದು ನಿಂತವಳು ನಿಂತೇ ಇದ್ದಳು.

“ಏನ್ ಪುಟ್ಟಗಂಗಮ್ನೋರೆ, ಮದ್ವೆ ಹೆಣ್ಣಿನಂಗೆ ಎದ್ರಲ್ಲ!”

“ಗಂಡು ಸಿಕ್ಕಿದ್ರೆ ಹೇಳು, ಹೂವ ನಾನೇ ತತ್ತೀನಿ.”

ಕದರಮ್ಮ ಫೋನು ಮಾಡಿದ್ದಳು. ಕುಣಿಗಲ್ ಕೆರೆ ಏರಿಯ ಮೇಲೆ ಒಬ್ಬಳೇ ನಡೆದುಹೋಗಿ ಬಂದಳಂತೆ. “ಅಕ್ಕ, ನೋವು ಇದ್ದದ್ದೇ ಸುಳ್ಳೇನೋ ಅನ್ನಂಗಾಗದೆ” ಅಂತ ಅತ್ತಳು. ಸಂತೋಷಕ್ಕೂ ಅಳುತ್ತಾಳೆ, ಮೊದಲಿಂದ ಅವಳು ಹಾಗೇ.

ಹಸಿವು ಜಾಸ್ತಿಯಾಗಿದೆ. ಒಂದು ಮುದ್ದೆ ತಿನ್ನುತ್ತಿದ್ದವಳು ಎರಡು ತಿಂದು ಮಡಕೆ ನೋಡುತ್ತೇನೆ.

೧೬ ಫೆಬ್ರವರಿ

ಕ್ಯಾತ್ಸಂದ್ರದ ಶಿವರಾಮಯ್ಯ ಬಂದಿದ್ದರು. ಅವರೂ ಆಯುರ್ವೇದದ ಡಾಕ್ಟರು, ಇಂಥ ಡಾಕ್ಟರುಗಳದ್ದೇ ಒಂದು ಸಂಘ ಮಾಡಿಕೊಂಡಿದ್ದಾರೆ. ಆಯುರ್ವೇದದವರೂ ಇಂಗ್ಲಿಷ್ ಔಷಧಿ ಬರೆಯಬಹುದು ಅಂತ ಸರ್ಕಾರದಿಂದ ಪರ್ಮಿಷನ್ ತೆಗೆದುಕೊಳ್ಳಲು ಓಡಾಡುತ್ತಿದ್ದಾರೆ.

“ನೀವು ಅದನ್ನ ಓದಿದೀರೇನಪ್ಪ?” ಅಂದೆ.

“ಒಂದಷ್ಟು ಓದಿದೀವಿ ಅಜ್ಜಿ. ಪೂರ್ತಿ ಓದಿದೋರು ಹಳ್ಳಿ ಕಡೆ ತಲೆ ಹಾಕಲ್ವಲ್ಲ. ರಾತ್ರಿ ಮಗೂಗೆ ಜ್ವರ ಬಂದ್ರೆ ನಮ್ ಬಾಗ್ಲು ತಾನೇ ಬಡಿಯೋದು?”

ಅದು ನಿಜ. ನನ್ನ ತವರೂರಿನ ಆಸ್ಪತ್ರೆಯ ತುಕ್ಕು ಹಿಡಿದ ಬೀಗ ತೆಗೆಯಬೇಕಾದರೆ ಈಗ ಬಡಗಿಯನ್ನು ಕರೆಸಬೇಕು. “ಹಂಗಾದ್ರೆ ಕೊಡ್ಲಿ ಬುಡಿ ಪರ್ಮಿಷನ್ನು. ನಮ್ ಹುಡುಗ ಯಾರ್ಗೇನು ಕಮ್ಮಿ? ನನ್ ಮಂಡಿ ನೋಡಿ, ನಾನೇ ಬಂದು ಹೇಳ್ತೀನಿ” ಅಂದು ಅವರ ಮುಂದೆ ಕೂತು ಎದ್ದು ತೋರಿಸಿದೆ. ಶಿವರಾಮಯ್ಯ ನಕ್ಕರು. ಗಂಗಾಧರ ಕಾಫಿ ಲೋಟ ನೋಡುತ್ತಾ ಕೂತಿದ್ದ, ಅವನಿಗೆ ಹೊಗಳಿದರೆ ಮುಜುಗರ.

೯ ಮಾರ್ಚ್

ಒಂದು ಮಂಡಲ ಮುಗಿದು ಎರಡನೆಯದು ನಡೆಯುತ್ತಿದೆ. ಪೊಟ್ಟಣ ತೆಗೆದುಕೊಂಡು ಹೋಗಲು ಕದರಮ್ಮ ಮಗಳು ವನಜಾಕ್ಷಿಯ ಜೊತೆ ಬಂದಿದ್ದಳು. ವನಜಾಕ್ಷಿ ಕುಣಿಗಲಿನಲ್ಲಿ ಅಂಗನವಾಡಿ ಟೀಚರು. ತಾಯಿಯನ್ನೂ ಅಲ್ಲಿನ ಮಕ್ಕಳ ಹಾಗೆ ದಿನವೂ ತೂಕ ಹಾಕಿ ನೋಡುವವಳು.

“ದೊಡ್ಡವ್ವ, ಅವ್ವನ ಮುಖ ಊದ್ಕಂಡಂಗಿಲ್ವಾ? ತೋಳು ನೋಡು, ಸುಮ್ನೆ ಹಿಡ್ಕಂಡ್ರೂ ನೀಲಿ ಆಯ್ತದೆ.”

“ಈಗ ತಾನೇ ನಿಮ್ಮವ್ವ ಹೊಟ್ಟೆ ತುಂಬ ಉಣ್ತಾವ್ಳೆ. ತುಂಬಿದ ಮುಖ ನೀನು ನೋಡಿಲ್ಲ, ಅದಕ್ಕೆ ಹೆದರ್ತೀಯ” ಅಂದೆ. ನನ್ನ ರವಿಕೆಯ ಹೊಲಿಗೆಯನ್ನೂ ಬಿಚ್ಚಿಸಿ ಸಡಿಲ ಮಾಡಿಸಿದ್ದೇನೆ, ನಾನೇನು ಅಳುತ್ತಿದ್ದೇನಾ? ಗಂಗಾಧರ ಕದರಮ್ಮನ ತೋಳು ಹಿಡಿದು ತಿರುಗಿಸಿ ನೋಡಿದ. “ಉಪ್ಪು ಕಮ್ಮಿ ತಿನ್ನು ಚಿಕ್ಕಜ್ಜಿ” ಅಂದು, ಹೊಸ ಪೊಟ್ಟಣಗಳನ್ನು ಕಟ್ಟಿದ.

ಈಗ ಮರಿಯಮ್ಮನೂ ತಿನ್ನುತ್ತಿದ್ದಾಳೆ, ಓಬಳಯ್ಯನ ಹೆಂಡತಿಯೂ. ಹಿಂದಿನ ಬೀದಿಯ ಹೆಂಗಸರು ಬೇರೆ. ಎಲ್ಲರಿಗೂ ಮಂಡಲದ ಲೆಕ್ಕ ಹೇಳಿ ಶುರು ಮಾಡಿಸಿದ್ದು ನಾನೇ. ಗಂಗಾಧರ ಪೊಟ್ಟಣ ಕಟ್ಟಿ ಬೇಸತ್ತಿದ್ದಾನೆ.

೨೪ ಏಪ್ರಿಲ್, ಗುರುವಾರ

ನಿನ್ನೆಗೆ ಎರಡು ಮಂಡಲ. ಕದರಮ್ಮನಿಗೆ ಫೋನು ಮಾಡಿ ನಿಲ್ಲಿಸು ಅಂದೆ.

“ಇನ್ನೂ ಒಂದಷ್ಟು ಪೊಟ್ಟಣ ಮಿಕ್ಕವೆ ಅಕ್ಕ. ಹುಡ್ಗ ಕಷ್ಟಪಟ್ಟು ಕಟ್ಟವ್ನೆ, ಸುಮ್ನೆ ಹಾಳಾಯ್ತದಲ್ಲ.”

“ಬಚ್ಚಲಿಗೆ ಹಾಕು. ಮಂಡಲ ಮೀರಿ ತಿಂದ್ರೆ ತಿಂದಿದ್ದೆಲ್ಲ ಮಣ್ಣುಪಾಲು.”

“ಆಯ್ತು ಬುಡು, ನೀ ಹೇಳ್ದಂಗೆ.” ಹುಟ್ಟಿದಾಗಿನಿಂದ ಅವಳದು ಅದೇ ಮಾತು, ಒಂದು ದಿನವೂ ಎದುರು ಹೇಳಿದವಳಲ್ಲ.

ನಾನು ಇವತ್ತೂ ತಿಂದೆ. ಮಾವಿನಕಾಯಿ ಕೊಚ್ಚುವ ಕೆಲಸ ಬಿದ್ದಿದೆ, ನೆಲದಲ್ಲಿ ಕೂರಬೇಕು. ಅದು ಮುಗಿದ ಮೇಲೆ ನಿಲ್ಲಿಸಿದರಾಯಿತು. ಡಾಕ್ಟರ ಅಜ್ಜಿಗೆ ಅಷ್ಟೂ ಸಲಿಗೆ ಇಲ್ಲದಿದ್ದರೆ ಹೇಗೆ?

೩೦ ಏಪ್ರಿಲ್

ವನಜಾಕ್ಷಿಯ ಫೋನು. ಕದರಮ್ಮನಿಗೆ ವಾಂತಿ, ಮೈಯಲ್ಲಿ ಶಕ್ತಿಯೇ ಇಲ್ಲವಂತೆ, ಕೂರಿಸಿದರೆ ಕಣ್ಣು ಕತ್ತಲೆ ಬರುತ್ತದಂತೆ. ಈ ಬಿಸಿಲಿಗೆ ಯಾರಿಗೆ ತಾನೇ ಬರುವುದಿಲ್ಲ. ಮಜ್ಜಿಗೆ ಕುಡಿಸು ಅಂದೆ. ಗಂಗಾಧರ ಸಂಘದ ಮೀಟಿಂಗಿಗೆ ತುಮಕೂರಿಗೆ ಹೋಗಿದ್ದ. ಬಂದ ಮೇಲೆ ಹೇಳಿದೆ. “ಉಪ್ಪು ಸಕ್ಕರೆ ನೀರು ಕೊಡಕ್ಕೆ ಹೇಳು, ನಾಳಿದ್ದು ಹೋಗಿ ನೋಡ್ತೀನಿ” ಅಂದ.

೧೫ ಮೇ

ಕದರಮ್ಮ ಇಲ್ಲ.

ತಿಥಿ ಮುಗಿಸಿಕೊಂಡು ನಿನ್ನೆ ಗುಬ್ಬಿಗೆ ಬಂದೆ. ಡೈರಿ ಇಟ್ಟ ಜಾಗದಲ್ಲೇ ಇತ್ತು. ಬರೆಯಬೇಕೋ ಬೇಡವೋ ಅಂತ ಬೆಳಗಿನಿಂದ ಅದರ ಎದುರು ಕೂತಿದ್ದೇನೆ.

ಮೇ ಎರಡನೇ ತಾರೀಕು ಶುಕ್ರವಾರ ಬೆಳಿಗ್ಗೆ, ಅವಳನ್ನು ಕಾರಿನಲ್ಲಿ ತುಮಕೂರಿನ ಆಸ್ಪತ್ರೆಗೆ ತಂದರು. ನಾನೂ ಗಂಗಾಧರನೂ ಗುಬ್ಬಿಯಿಂದ ಹೋದೆವು. ಮಂಚದ ಮೇಲೆ ಮಲಗಿದ್ದವಳ ಮುಖ ಹಾಗೇ ದುಂಡಗಿತ್ತು, ಕೈ ಮಾತ್ರ ಐಸಿನ ಹಾಗೆ. “ಅಕ್ಕ ಬಂದ್ಯಾ” ಅಂದಳು. ಚಿಕ್ಕ ವಯಸ್ಸಿನ ಒಬ್ಬಳು ಡಾಕ್ಟರಮ್ಮ ಬಂದು ಕದರಮ್ಮನ ಮುಖ ನೋಡಿದಳು, ತೋಳು ನೋಡಿದಳು, ಹೊಟ್ಟೆ ನೋಡಿದಳು.

“ಇವ್ರು ಯಾವುದಾದ್ರೂ ಮಾತ್ರೆ ತಗೊಳ್ತಿದ್ರಾ? ಮಂಡಿನೋವಿಗೆ, ಉಬ್ಬಸಕ್ಕೆ? ತಗೊಳ್ತಿದ್ದು ಈಚೆಗೆ ನಿಲ್ಸಿದ್ರಾ? ನೆನಪು ಮಾಡ್ಕೊಂಡು ಹೇಳಿ, ಇದು ಬಹಳ ಮುಖ್ಯ.”

ವನಜಾಕ್ಷಿ ನನ್ನ ಮುಖ ನೋಡಿದಳು. ನಾನು ಬಾಯಿ ಹಾಕಿದೆ. “ನಿಮ್ ಇಂಗ್ಲಿಷ್ ಮಾತ್ರೆ ಕಂಡ್ರೆ ನನ್ ತಂಗಿಗೆ ಆಗಲ್ಲ ಕಣಮ್ಮ. ನಮ್ಮನೇಲೇ ಡಾಕ್ಟ್ರವ್ನೆ, ಇಗೋ ಇಲ್ಲೇ ನಿಂತವ್ನೆ. ಬೇರಿನ ಪುಡಿ ತಿಂದ್ಲು, ಮಂಡಲ ಮುಗೀತು, ನಿಲ್ಸಿ ಒಂದು ವಾರಕ್ಕೆ ಮೇಲಾಯ್ತು. ಅಷ್ಟೇಯ.”

ಡಾಕ್ಟರಮ್ಮ ಗಂಗಾಧರನ ಕಡೆ ತಿರುಗಿದಳು. “ಪುಡೀಲಿ ಬೇರೆ ಏನೂ ಇರ್ಲಿಲ್ವಾ ಡಾಕ್ಟ್ರೇ?”

ಗಂಗಾಧರ ಗ್ಲೂಕೋಸು ಬಾಟಲಿ ನೋಡುತ್ತಿದ್ದ. “ಇಲ್ಲ ಮೇಡಂ” ಅಂದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಚಿಕ್ಕಜ್ಜಿಯ ಮೇಲಿನ ಪ್ರೀತಿ ಅಂದುಕೊಂಡೆ.

ಸಾಯಂಕಾಲ ಕದರಮ್ಮನಿಗೆ ಮಾತು ತೊದಲತೊಡಗಿತು. ಗಂಗಾಧರ ಎದ್ದು ಹೊರಗೆ ಹೋದ. ನೀರಿನ ಬಾಟಲಿ ತುಂಬಿಸಲು ಹೋಗಿದ್ದ ನಾನು ಅವನು ಮೆಟ್ಟಿಲ ಹತ್ತಿರ ಡಾಕ್ಟರಮ್ಮನ ಮುಂದೆ ತಲೆ ಬಗ್ಗಿಸಿ ನಿಂತದ್ದನ್ನು ನೋಡಿದೆ. ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದ. ಆಕೆಗೆ ಸಿಟ್ಟು ಬಂದು ಕನ್ನಡಕ್ಕೆ ಬಂದಳು. “ಬೆಳಿಗ್ಗೆ ಕೇಳ್ದಾಗ ಹೇಳಕ್ಕೆ ಏನಾಗಿತ್ರೀ ನಿಮ್ಗೆ?” ಅಂದವಳೇ ಓಡಿದಳು. ನರ್ಸುಗಳೂ ಓಡಿದರು. ಏನೇನೋ ಸೂಜಿ ಹಾಕಿದರು. ಶನಿವಾರ ಬೆಳಕು ಹರಿಯುವ ಹೊತ್ತಿಗೆ ಕದರಮ್ಮ ಹೋದಳು.

ಕುಣಿಗಲಿನಲ್ಲಿ ವನಜಾಕ್ಷಿ ಎಲ್ಲರ ಮುಂದೆ ಹೇಳಿದಳು: “ಗಂಗಾಧರ ಇಲ್ದಿದ್ರೆ ಆಸ್ಪತ್ರೇಲಿ ನಮ್ಮನ್ಯಾರು ಕೇಳ್ತಿದ್ರು? ಅವ್ವಂಗೆ ಮಗ ಇಲ್ಲ ಅನ್ನಂಗೆ ಮಾಡ್ಲಿಲ್ಲ.” ಅವನು ತಲೆ ಬೋಳಿಸಿಕೊಂಡು ಕೂತಿದ್ದ. ನಾನು ಅವನನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ.

೧೬ ಮೇ

ಕ್ಲಿನಿಕ್ಕಿನ ಬಾಗಿಲು ಹಾಕಿಸಿ ಕೇಳಿದೆ. “ಪುಡೀಲಿ ಏನಿತ್ತು?”

ಮುಚ್ಚಿಡಲಿಲ್ಲ. ಇಂಗ್ಲಿಷ್ ಮಾತ್ರೆ ಅರೆದು ಬೆರೆಸುತ್ತಿದ್ದನಂತೆ. ಅದರ ಜಾತಿಯ ಹೆಸರು ಸ್ಟಿರಾಯ್ಡು. ನೋವು ಎಂಥದೇ ಇರಲಿ ಹಿಡಿದು ಕೂರಿಸುತ್ತದಂತೆ. ತುಂಬ ದಿನ ತಿಂದರೆ ಮೈ ತನ್ನ ಕೆಲಸ ತಾನು ಮಾಡುವುದನ್ನು ಮರೆಯುತ್ತದಂತೆ. ಆಮೇಲೆ ಒಂದೇ ಏಟಿಗೆ ನಿಲ್ಲಿಸಿದರೆ ಮೈ ಕುಸಿದುಹೋಗುತ್ತದಂತೆ.

“ಇಂಗ್ಲಿಷ್ ಅಂದಿದ್ರೆ ಚಿಕ್ಕಜ್ಜಿ ತಿಂತಿರ್ಲಿಲ್ಲ. ನೋವಲ್ಲಿ ಅಳ್ತಿದ್ಲು, ನೋಡಕ್ಕಾಗ್ಲಿಲ್ಲ” ಅಂದ. “ಕೊಡೋದು ಹೆಂಗೆ ಅಂತ ಔಷಧಿ ಕಂಪನಿಯವ್ನು ಹೇಳ್ಕೊಟ್ಟ. ನಿಲ್ಸೋದು ಪುಸ್ತಕದಲ್ಲಿ ಓದಿದ್ದೆ. ಪೊಟ್ಟಣ ಮುಗಿದಾಗ ಬಂದೇ ಬರ್ತಾಳಲ್ಲ, ಆಗ ಸ್ವಲ್ಪ ಸ್ವಲ್ಪ ಇಳ್ಸಣ ಅಂತಿದ್ದೆ. ನೀವಿಬ್ರೂ ಮಂಡಲ ಅಂತ ಮಾತಾಡ್ಕಂಡಿದ್ದು ನಂಗೆ ಗೊತ್ತೇ ಇಲ್ಲ ಅಜ್ಜಿ. ಆಸ್ಪತ್ರೇಲಿ ನೀನು ಹೇಳ್ದಾಗ್ಲೇ ಗೊತ್ತಾಗಿದ್ದು.”

ಮತ್ತೆ ಅವನೇ ಅಂದ. “ಪರ್ಮಿಷನ್ ಅಂತ ಒಂದಿದ್ದಿದ್ರೆ ಚೀಟಿ ಮೇಲೆ ಬರೀತಿದ್ದೆ. ಹಿಂಗೆ ಕದ್ದು ಬೆರೆಸೋ ಗತಿ ಬರ್ತಿರ್ಲಿಲ್ಲ.”

“ಚೀಟಿ ಮೇಲೆ ಬರೀಬೇಡ ಅಂದ್ರು. ಬಾಯಲ್ಲಿ ಹೇಳಕ್ಕೂ ಬೇಡ ಅಂದಿದ್ರೇನ್ಲಾ?”

ಗಂಡು ಹುಡುಗ, ನನ್ನ ಕಾಲ ಹತ್ತಿರ ಕೂತು ಅತ್ತ. ಏಳಕ್ಕೆ ಹೇಳಲಿಲ್ಲ, ಕೂರಕ್ಕೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಟ್ಟನೆ ತಲೆ ಎತ್ತಿ ನನ್ನ ಭುಜ ಹಿಡಿದುಕೊಂಡ. “ಅಜ್ಜಿ, ನೀನೂ ನಿಲ್ಸಿದ್ಯಾ?”

ಇಲ್ಲ ಅಂದೆ. ಕುಣಿಗಲಿಗೆ ಹೋಗುವಾಗಲೂ ಸೆರಗಿನ ತುದಿಗೆ ಪೊಟ್ಟಣ ಕಟ್ಟಿಕೊಂಡು ಹೋಗಿದ್ದೆ. ಅವಳ ತಿಥಿಯ ದಿನವೂ ತಿಂದಿದ್ದೇನೆ. ಅವಳಿಗೆ ಬಚ್ಚಲಿಗೆ ಹಾಕು ಅಂದದ್ದನ್ನು ನಾನು ತಿಂದೆ.

ಆಮೇಲೆ ನೆನಪಾಯಿತು. ಮರಿಯಮ್ಮನ ಎರಡನೇ ಮಂಡಲ ಈ ತಿಂಗಳ ಕೊನೆಗೆ. ಓಬಳಯ್ಯನ ಹೆಂಡತಿಯದು ಅದರ ಹಿಂದೆ. ಹಿಂದಿನ ಬೀದಿಯವರದು ಜೂನಿಗೆ.

“ನಾನೇ ಹೋಗಿ ಹೇಳ್ತೀನಿ” ಅಂದ ಗಂಗಾಧರ.

“ಏನಂತ ಹೇಳ್ತೀಯ?”



೧೮ ಮೇ

ಹೇಗೆ ಇಳಿಸಬೇಕು ಅಂತ ಅವನಿಂದ ಬಾಯಿಪಾಠ ಮಾಡಿಸಿಕೊಂಡೆ. ಅವನು ಅಳತೆ ಕಡಿಮೆ ಮಾಡಿದ ಹೊಸ ಪೊಟ್ಟಣ ಕಟ್ಟಿದ. ನಾನು ಚೀಲದಲ್ಲಿ ಹಾಕಿಕೊಂಡು ಮನೆ ಮನೆಗೆ ಹೋದೆ. ಬಿಸಿಲುಕಾಲದಲ್ಲಿ ಈ ಪುಡಿಯನ್ನು ಒಂದೇ ಸಲ ನಿಲ್ಲಿಸಬಾರದು, ಮಂಡಲ ಮುಗಿದರೂ ಇದನ್ನು ಮುಗಿಸಲೇಬೇಕು, ತಲೆ ಸುತ್ತಿದರೆ ತಕ್ಷಣ ಬಂದು ಹೇಳಬೇಕು ಅಂದೆ.

ಮರಿಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡಳು. “ಅದ್ಯಾವ ಹೊಸ ಶಾಸ್ತ್ರನಮ್ಮ? ಒಂದು ಚಿಟಿಕೆನೂ ಮುಟ್ಬೇಡ ಅಂದಿದ್ದು ನೀವೇ ಅಲ್ವಾ?”

“ನಾನ್ ಹೇಳಿದ್ದು ತಪ್ಪು.”

“ಅಯ್ಯೋ, ಪುಟ್ಟಗಂಗಮ್ಮ ತಪ್ಪು ಅಂದ್ಬುಟ್ರು! ಒಣಗಾಕಿರೋ ಬಟ್ಟೆ ಒಳಗೆ ತಗೊಳ್ರಪ್ಪ, ಮಳೆ ಬತ್ತದೆ” ಅಂತ ಕೂಗಿ ನಕ್ಕಳು. ಆಣೆ ಮಾಡು ಅಂದೆ. ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ಮಕ್ಕಳ ಮೇಲೆ ಆಣೆ ಮಾಡಿದಳು.

೮ ಜೂನ್

ನಾನೂ ಪುಡಿ ಇಳಿಸುತ್ತಿದ್ದೇನೆ, ಮಂಡಿ ನೋವು ತಿರುಗಿ ಬಂದಿದೆ. ಬರಲಿ.

ಶಿವರಾಮಯ್ಯ ಬಂದಿದ್ದರು. ಸರ್ಕಾರದವರು ಪರ್ಮಿಷನ್ ವಿಷಯದಲ್ಲಿ ಒಳ್ಳೆಯ ಮಾತಾಡಿದ್ದಾರಂತೆ. ಕೊಡುವುದಕ್ಕೆ ಮಾತ್ರ ಕೇಳುತ್ತಿದ್ದೀರೋ, ಕಲಿಯುವುದಕ್ಕೂ ಕೇಳುತ್ತಿದ್ದೀರೋ ಅನ್ನಬೇಕು ಅಂತ ಬಾಯಿಗೆ ಬಂತು. ಕಾಫಿ ಇಟ್ಟು ಒಳಗೆ ಬಂದೆ. “ಅಜ್ಜಿಗೆ ಹುಷಾರಿಲ್ವಾ?” ಅಂತ ಅವರು ಕೇಳುತ್ತಿದ್ದರು. ಗಂಗಾಧರ ಏನು ಹೇಳಿದನೋ ಕೇಳಿಸಲಿಲ್ಲ.

೧೨ ಜೂನ್

ಮರಿಯಮ್ಮ ಚೆನ್ನಾಗಿದ್ದಾಳೆ. ನೋವು ಅಂತ ಶಪಿಸುತ್ತಾಳೆ, ಆದರೆ ಓಡಾಡುತ್ತಾಳೆ. ನಾಳೆ ನೆಂಟರ ಮದುವೆಗೆ ಕುಣಿಗಲಿಗೆ ಹೋಗುತ್ತಾಳಂತೆ. ಗಂಗಾಧರನೂ ನಾನೂ ಊಟದ ಹೊತ್ತಿನಲ್ಲಿ ಉಪ್ಪು ಕೊಡು, ಸಾರು ಹಾಕು ಅನ್ನುವುದು ಬಿಟ್ಟರೆ ಮಾತಿಲ್ಲ.

೨೩ ಜೂನ್

ವನಜಾಕ್ಷಿ ಬಂದಿದ್ದಳು. ಬೆಳಗಿನ ಬಸ್ಸಿಗೆ ಹೊರಟು, ಫೋನೂ ಮಾಡದೆ. ಜಗುಲಿಯ ಮೇಲೆ ನನ್ನ ಪಕ್ಕ ಕೂತಳು. ನೀರು ಕೊಟ್ಟೆ, ಕುಡಿಯಲಿಲ್ಲ.

“ಮದ್ವೆ ಮನೇಲಿ ನಿಮ್ಮ ಎದುರು ಮನೆ ಮರಿಯಮ್ಮ ಸಿಕ್ಕಿದ್ರು” ಅಂದಳು. “ಮಂಡಲ ಮುಗುದ್ರೂ ಪುಡಿ ನಿಲ್ಲಿಸ್ಬೇಡಿ ಅಂತ ಮನೆ ಮನೆಗೂ ಹೋಗಿ ಆಣೆ ಮಾಡಿಸ್ಕೊಂಡ್ಯಂತೆ.”

“ಹೂಂ.”

“ಬೀದಿಯೋರ್ಗೆಲ್ಲ ಹೇಳ್ದೆ. ನಮ್ಮವ್ವಂಗ್ಯಾಕೆ ಹೇಳ್ಲಿಲ್ಲ ದೊಡ್ಡವ್ವ?”

ಆವಾಗ ಗೊತ್ತಿರಲಿಲ್ಲ ಅನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಬಿಸಿಲುಕಾಲ, ಹೊಸ ಶಾಸ್ತ್ರ, ಮರಿಯಮ್ಮನಿಗೆ ಹೇಳಿದ್ದನ್ನೆಲ್ಲ ಹೇಳಬಹುದಿತ್ತು. ಇವಳು ಕದರಮ್ಮನ ಹಾಗೆ ಕತ್ತು ಸ್ವಲ್ಪ ವಾಲಿಸಿ ಕೂತಿದ್ದಳು.

“ನಿಮ್ಮವ್ವಂಗೆ ನಿಲ್ಲಿಸು ಅಂದಿದ್ದೇ ನಾನು” ಅಂದೆ. ಪುಡಿಯಲ್ಲಿ ಏನಿತ್ತು ಅಂತ ಹೇಳಿದೆ. ಅವಳು ಕಣ್ಣೀರು ಹಾಕಲಿಲ್ಲ. ನಾನು ಹೇಳಿ ಮುಗಿಸಿದ ಮೇಲೆ ಒಂದೇ ಕೇಳಿದಳು.

“ಆಸ್ಪತ್ರೇಲಿ ಬೆಳಿಗ್ಗೆ ಆ ಡಾಕ್ಟ್ರಮ್ಮ ಕೇಳ್ದಾಗ ಅವ್ನು ಮಂಚದ ಹತ್ರಾನೇ ನಿಂತಿದ್ದ. ಅವಾಗ ಅವ್ನಿಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಅವ್ವ ಅವಾಗಿನ್ನೂ ಮಾತಾಡ್ತಿದ್ಲು.”

“ಹೂಂ, ಮಾತಾಡ್ತಿದ್ಲು.”

ವನಜಾಕ್ಷಿ ಎದ್ದು ಸೀರೆ ನೆರಿಗೆ ಸರಿಮಾಡಿಕೊಂಡಳು. ಬಸ್ ಸ್ಟ್ಯಾಂಡಿಗೆ ಹೋಗುತ್ತಾಳೆ ಅಂದುಕೊಂಡೆ. ಅವಳು ಚಪ್ಪಲಿ ಬಿಟ್ಟು ಕ್ಲಿನಿಕ್ಕಿನ ಒಳಗೆ ಹೋದಳು. ಓಬಳಯ್ಯ ಅಂಗಿಯ ತೋಳು ಇಳಿಸಿಕೊಳ್ಳುತ್ತಾ ಹೊರಗೆ ಬಂದ. ರೋಗಿಗಳು ಕೂರುವ ಸ್ಟೂಲು ಎಳೆದ ಸದ್ದು ಕೇಳಿಸಿತು. ಗಂಗಾಧರ ಬೆನ್ನು ತಿರುಗಿಸಿ ಮೂಲೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಅಂತ ಕಾಣುತ್ತದೆ, ನೀರಿನ ಸದ್ದಿನ ನಡುವೆಯೇ ಅವನ ದನಿ ಬಂತು.

“ಕೂತ್ಕೊಳಿ, ಬಂದೆ. ಏನ್ ತೊಂದ್ರೆ? ಎಷ್ಟು ದಿನದಿಂದ?”

ನಲ್ಲಿ ನಿಂತಿತು. ನಾನು ಒಳಗೆ ಹೋಗಲಿಲ್ಲ.